ಅಮೆರಿಕದ ಇಯರ್‌ಮಾರ್ಕ್ ದುಡ್ಡು, "ನಿಲ್ಲಿಸ್ತೀವಿ" ಅಂದೋರ ಕಥೆ: ಪದೇ ಪದೇ ಕೇಳುವ ಪ್ರಶ್ನೆಗಳು

ಇಯರ್‌ಮಾರ್ಕ್, ಪೋರ್ಕ್ ಅಂತೆಲ್ಲ ಅಂತಾರಲ್ಲ, ಏನದು? ಸಿಂಪಲ್ಲಾಗಿ ಹೇಳಿ

ಅಮೆರಿಕದ ಖಜಾನೆಯಿಂದ ಒಂದು ಡಾಲರ್ ಹೊರಗೆ ಬರ್ಬೇಕಂದ್ರೂ ಕಾಂಗ್ರೆಸ್ (ಅಲ್ಲಿನ ಸಂಸತ್ತು, ನಮ್ಮ ಪಕ್ಷ ಅಲ್ಲ) ಕಾನೂನು ಪಾಸ್ ಮಾಡ್ಬೇಕು, ಅವರ ಸಂವಿಧಾನದಲ್ಲೇ ಹಾಗಿದೆ. ಮಾಮೂಲಿಯಾಗಿ ಏನಾಗುತ್ತೆ ಅಂದ್ರೆ "ಸೇತುವೆಗಳಿಗೆ ಒಟ್ಟು ಇಷ್ಟು" ಅಂತ ಇಲಾಖೆ ಕೈಗೆ ಕೊಡ್ತಾರೆ, ಯಾವ ಸೇತುವೆ ಮೊದ್ಲು ಅನ್ನೋದನ್ನ ಇಲಾಖೆಯವ್ರು ಅರ್ಜಿ ನೋಡಿ ಅಥವಾ ಫಾರ್ಮುಲಾ ಪ್ರಕಾರ ತೀರ್ಮಾನ ಮಾಡ್ತಾರೆ. ಇಯರ್‌ಮಾರ್ಕ್ ಅಂದ್ರೆ ಆ ಸಾಲನ್ನೇ ತಪ್ಪಿಸಿ, "ಇಂಥ ಊರಿನ ಇಂಥ ಸೇತುವೆಗೆ ಇಷ್ಟು ಡಾಲರ್" ಅಂತ ಬಿಲ್ಲಲ್ಲೋ ಅದ್ರ ಜೊತೆಗಿರೋ ಕಮಿಟಿ ವರದಿಯಲ್ಲೋ ಒಂದು ಲೈನ್ ಸೇರಿಸಿಬಿಡೋದು. ಪೋರ್ಕ್ ಅನ್ನೋದು ಇಂಥ ಖರ್ಚಿಗೇ ಜನ ಇಟ್ಟಿರೋ ಬೈಗುಳದ ಹೆಸರು. ಆ ಲೈನ್ ಸೇರಿಸಿದ ಸದಸ್ಯರ ಕ್ಷೇತ್ರದಲ್ಲೇ ಆ ಸೇತುವೆ ಇರುತ್ತೆ ಅಂತ ಬೇರೆ ಹೇಳ್ಬೇಕಾಗಿಲ್ಲ. ಕೆಲಸ ಒಳ್ಳೇದಿರಬಹುದು, ಕೆಟ್ಟದ್ದಿರಬಹುದು. ಒಳ್ಳೇದೋ ಕೆಟ್ಟದ್ದೋ ಅಂತ ಪರೀಕ್ಷೆ ಮಾಡೋ ಹಂತಾನೇ ಹಾರಿಸಿರ್ತಾರೆ, ತಕರಾರು ಇರೋದು ಅಲ್ಲಿ.

ನಮ್ಮ ಎಂಪಿ ಫಂಡ್ ತರಾನೇನಾ ಇದು?

ಇಲ್ಲ. ನಮ್ಮಲ್ಲಿ ಪ್ರತಿ ಎಂಪಿಗೂ ವರ್ಷಕ್ಕೆ ಇಷ್ಟು ಅಂತ ಸಮನಾಗಿ ಹಂಚಿಕೆ ಇದೆ. ಅಲ್ಲಿ ಸಮಪಾಲು ಅನ್ನೋ ಮಾತೇ ಇಲ್ಲ, ಹಿರಿಯರು, ಹಣ ಹಂಚೋ ಅಪ್ರೋಪ್ರಿಯೇಷನ್ಸ್ ಕಮಿಟಿಯಲ್ಲಿ ಕೂತೋರು, ಅವ್ರಿಗೆ ದೊಡ್ಡ ಪಾಲು, ಹೊಸದಾಗಿ ಗೆದ್ದು ಬಂದೋನಿಗೆ ಉಳಿದಿದ್ದು.

ಇದು ಇತ್ತೀಚಿನ ರೋಗಾನಾ?

ಇನ್ನೂರು ವರ್ಷ ಹಳೇದು. 1817ರಲ್ಲೇ ರಸ್ತೆ ಕಾಲುವೆಗಳಿಗೆ ಫೆಡರಲ್ ದುಡ್ಡು ಹಾಕೋ ಬಿಲ್ಲನ್ನ ಅಧ್ಯಕ್ಷ ಜೇಮ್ಸ್ ಮ್ಯಾಡಿಸನ್ ವೀಟೋ ಮಾಡಿದ್ರು, ಸಂವಿಧಾನದಲ್ಲಿ ಇಂಥ ಅಧಿಕಾರ ಕೊಟ್ಟಿಲ್ಲ ಅಂತ. 1882ರಲ್ಲಿ ಚೆಸ್ಟರ್ ಆರ್ಥರ್ ನದಿ ಬಂದರುಗಳ ಬಿಲ್ ತಿರಸ್ಕರಿಸಿದ್ರು, ಕಾಂಗ್ರೆಸ್ ಅವರ ವೀಟೋನ ಮೀರಿ ಪಾಸ್ ಮಾಡ್ಕೊಂಡ್ತು. 1987ರಲ್ಲಿ ರೇಗನ್ ಹೆದ್ದಾರಿ ಬಿಲ್ಲಿಗೆ ಇದೇ ಕಾರಣಕ್ಕೆ ವೀಟೋ ಹಾಕಿದ್ರು, ಆಗ್ಲೂ ಅದೇ ಆಯ್ತು, ಮೂರನೇ ಎರಡರಷ್ಟು ಓಟು ಹಾಕಿ ಅಧ್ಯಕ್ಷರನ್ನ ಪಕ್ಕಕ್ಕೆ ಸರಿಸಿದ್ರು. ಬೇರೆ ಯಾವ ವಿಷಯಕ್ಕೂ ಎರಡು ಪಕ್ಷ ಇಷ್ಟು ಬೇಗ ಒಂದಾಗಲ್ಲ ನೋಡಿ.

ಎಲ್ಲೂ ಹೋಗದ ಸೇತುವೆ ಅಂತ ಒಂದಿತ್ತಲ್ಲ, ಅದ್ರ ಕಥೆ ಏನು?

ಇದನ್ನ ಸ್ವಲ್ಪ ವಿವರವಾಗಿ ಹೇಳ್ಬೇಕು, ಯಾಕಂದ್ರೆ ಇಡೀ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತೆ ಅಂತ ಇದೊಂದರಲ್ಲೇ ಗೊತ್ತಾಗುತ್ತೆ.

ಅಲಾಸ್ಕಾದಲ್ಲಿ ಕೆಚಿಕ್ಯಾನ್ ಅಂತ ಒಂದು ಸಣ್ಣ ಊರು. ಎದುರಿಗೆ ಗ್ರವೀನಾ ದ್ವೀಪ, ಅಲ್ಲಿ ವಾಸ ಇದ್ದೋರು ಸುಮಾರು 50 ಜನ, ಆದ್ರೆ ಊರಿನ ಏರ್‌ಪೋರ್ಟ್ ಇರೋದೂ ಅಲ್ಲೇ. ಜನ ಫೆರಿ ಹತ್ತಿ ಕೆಲವೇ ನಿಮಿಷದಲ್ಲಿ ದಾಟ್ತಾ ಇದ್ರು, ಈಗ್ಲೂ ದಾಟ್ತಾರೆ. ಅಲ್ಲಿಗೆ ಒಂದು ಭಾರಿ ಸೇತುವೆ ಕಟ್ಟೋಕೆ 2005ರ ಹೆದ್ದಾರಿ ಬಿಲ್ಲಲ್ಲಿ 22.3 ಕೋಟಿ ಡಾಲರ್ ಇಟ್ರು. ಬಿಲ್ಲಿನ ಒಟ್ಟು ಗಾತ್ರ 28,600 ಕೋಟಿ ಡಾಲರ್, ಅದರೊಳಗೆ ಇಂಥ ಇಯರ್‌ಮಾರ್ಕ್‌ಗಳು 6,000ಕ್ಕೂ ಹೆಚ್ಚು. ಹೌಸ್‌ನ (ಅಲ್ಲಿನ ಕೆಳಮನೆ, ನಮ್ಮ ಲೋಕಸಭೆ ತರ) ಸಾರಿಗೆ ಕಮಿಟಿ ಅಧ್ಯಕ್ಷರು ಯಾರು? ಅಲಾಸ್ಕಾದ ಒಬ್ಬನೇ ಒಬ್ಬ ಪ್ರತಿನಿಧಿ ಡಾನ್ ಯಂಗ್. ಅವರ ಹೆಂಡತಿ ಹೆಸರು ಲು (Lu), ಬಿಲ್ಲಿನ ಚಿಕ್ಕ ಹೆಸರಿನ (SAFETEA-LU) ಕೊನೇಲಿ ಆ ಎರಡು ಅಕ್ಷರಾನೂ ಬರೋ ಹಾಗೆ ಹೆಸರು ಕಟ್ಟಿದ್ರು ಅಂದ್ಮೇಲೆ ಹಿಡಿತ ಎಷ್ಟಿತ್ತು ಅಂತ ನೀವೇ ಲೆಕ್ಕ ಹಾಕಿ.

ಅದೇ ವರ್ಷ ಕತ್ರೀನಾ ಚಂಡಮಾರುತ ಬಂದು ಲೂಯಿಸಿಯಾನಾದಲ್ಲಿ ಪಾಂಚರ್‌ಟ್ರೈನ್ ಸರೋವರದ ಮೇಲಿನ ಹೆದ್ದಾರಿ ಸೇತುವೆ ಮುರಿದು ಬಿತ್ತು. ಒಕ್ಲಹೋಮಾದ ಸೆನೆಟರ್ (ಮೇಲ್ಮನೆ ಸೆನೆಟ್‌ನ ಸದಸ್ಯ) ಟಾಮ್ ಕೋಬರ್ನ್ "ಅಲಾಸ್ಕಾ ಸೇತುವೆ ದುಡ್ಡನ್ನ ಇಲ್ಲಿಗೆ ಕೊಡೋಣ" ಅಂತ ತಿದ್ದುಪಡಿ ತಂದ್ರು. ಸಹಜವಾದ ಮಾತಲ್ವಾ? ಅಲಾಸ್ಕಾದ ಸೆನೆಟರ್ ಟೆಡ್ ಸ್ಟೀವನ್ಸ್ ಎದ್ದು ನಿಂತು, ನಮ್ಮ ರಾಜ್ಯದ ದುಡ್ಡು ಕಿತ್ಕೊಂಡ್ರೆ ರಾಜೀನಾಮೆ ಕೊಡ್ತೀನಿ ಅಂತ ಗುಡುಗಿದ್ರು. ಓಟಾಯ್ತು: ತಿದ್ದುಪಡಿ ಪರ 15, ವಿರುದ್ಧ 82. ವಿರುದ್ಧ ಹಾಕಿದೋರೆಲ್ಲ ಅಲಾಸ್ಕಾ ಮೇಲಿನ ಪ್ರೀತಿಗೆ ಹಾಕ್ಲಿಲ್ಲ, ಇವತ್ತು ಅವರದ್ದಕ್ಕೆ ಕೈ ಹಾಕಿದ್ರೆ ನಾಳೆ ನನ್ನದಕ್ಕೂ ಕೈ ಬರುತ್ತೆ ಅನ್ನೋ ಭಯಕ್ಕೆ ಹಾಕಿದ್ರು.

ಜನ ಛೀಮಾರಿ ಹಾಕಿದ್ಮೇಲೆ ನವೆಂಬರ್‌ನಲ್ಲಿ ಕಾಂಗ್ರೆಸ್ ಏನ್ ಮಾಡ್ತು ಗೊತ್ತಾ, "ಈ ಸೇತುವೆಗೇ ಖರ್ಚು ಮಾಡ್ಬೇಕು" ಅನ್ನೋ ಷರತ್ತು ತೆಗೆದು, ದುಡ್ಡನ್ನ ಮಾತ್ರ ಅಲಾಸ್ಕಾಗೇ ಬಿಟ್ಟುಬಿಡ್ತು! 2006ರ ಗವರ್ನರ್ ಚುನಾವಣೆಯಲ್ಲಿ ಸಾರಾ ಪೇಲಿನ್ ಕೆಚಿಕ್ಯಾನ್‌ಗೆ ಹೋಗಿ, "ನೋವೇರ್, ಅಲಾಸ್ಕಾ 99901" ಅಂತ ಬರೆದಿದ್ದ ಟಿ-ಶರ್ಟ್ ಹಿಡ್ಕೊಂಡು ಸೇತುವೆ ಪರವಾಗಿ ನಿಂತ್ರು (99901 ಆ ಊರಿನ ಪಿನ್‌ಕೋಡ್). 2007ರಲ್ಲಿ ಖರ್ಚು ಜಾಸ್ತಿ ಆಯ್ತು ಅಂತ ಅವ್ರೇ ಯೋಜನೆ ಕೈಬಿಟ್ರು, 2008ರಲ್ಲಿ ಉಪಾಧ್ಯಕ್ಷ ಸ್ಥಾನಕ್ಕೆ ನಿಂತಾಗ "ಆ ಸೇತುವೆ ಬೇಡ ಅಂತ ನಾನೇ ಕಾಂಗ್ರೆಸ್‌ಗೆ ಹೇಳ್ದೆ" ಅಂತ ವೇದಿಕೆ ಮೇಲೆ ಹೇಳ್ಕೊಂಡು ಓಡಾಡಿದ್ರು. ಸೇತುವೆ ಬರ್ಲೇ ಇಲ್ಲ. ಆದ್ರೆ ಸೇತುವೆಗೆ ಕೂಡೋಕೆ ಅಂತ ದ್ವೀಪದ ಮೇಲೆ ಸುಮಾರು 3 ಮೈಲಿ ರಸ್ತೆ ಹಾಕಿದ್ರು, 2.5 ಕೋಟಿ ಡಾಲರ್‌ಗೂ ಹೆಚ್ಚು ಖರ್ಚಾಗಿ.

ಇದು ದುಂದುವೆಚ್ಚ ಅಷ್ಟೇನಾ, ಲಂಚಾನೂ ಇದ್ಯಾ?

ಬಹುಪಾಲು ಇಯರ್‌ಮಾರ್ಕ್‌ಗಳಲ್ಲಿ ಲಂಚ ಇಲ್ಲ. ಆದ್ರೆ ಒಬ್ಬ ಮನುಷ್ಯ ಗುಟ್ಟಾಗಿ ಒಂದು ಲೈನ್ ಬರೆದ್ರೆ ಕೋಟಿಗಟ್ಟಲೆ ದುಡ್ಡು ಹರಿಯುತ್ತೆ ಅಂದ್ರೆ ಆ ಲೈನಿಗೆ ಗಿರಾಕಿ ಹುಟ್ಕೊಳ್ಳದೆ ಇರ್ತಾನಾ?

ಕ್ಯಾಲಿಫೋರ್ನಿಯಾದ ರಿಪಬ್ಲಿಕನ್ ಪ್ರತಿನಿಧಿ ರ‍್ಯಾಂಡಿ "ಡ್ಯೂಕ್" ಕನಿಂಗ್‌ಹ್ಯಾಮ್ ಕೇಸ್ ನೋಡಿ, ವಿಯೆಟ್ನಾಂ ಯುದ್ಧದ ಹೀರೋ, ಪೈಲಟ್. ರಕ್ಷಣಾ ಕಾಂಟ್ರ್ಯಾಕ್ಟರ್‌ಗಳಿಂದ 24 ಲಕ್ಷ ಡಾಲರ್ ಲಂಚ ತಿಂದಿದ್ದು ಒಪ್ಕೊಂಡು 2005ರಲ್ಲಿ ರಾಜೀನಾಮೆ ಕೊಟ್ರು, 2006ರಲ್ಲಿ 8 ವರ್ಷ 4 ತಿಂಗಳ ಜೈಲು ಶಿಕ್ಷೆ ಆಯ್ತು. ತನಿಖೆಯಲ್ಲಿ ಸಿಕ್ಕಿದ್ದು ಏನು ಅಂದ್ರೆ ಕಾಂಗ್ರೆಸ್ ಮುದ್ರೆ ಇರೋ ಸಣ್ಣ ಕಾಗದದ ಮೇಲೆ ಅವ್ರೇ ಬರೆದಿದ್ದ ರೇಟ್ ಕಾರ್ಡು! ಎಡಗಡೆ ಕಾಂಟ್ರ್ಯಾಕ್ಟ್ ಮೊತ್ತ, ಬಲಗಡೆ ಕೊಡ್ಬೇಕಾದ ಲಂಚ. 1.6 ಕೋಟಿ ಡಾಲರ್ ಕಾಂಟ್ರ್ಯಾಕ್ಟಿಗೆ 1.4 ಲಕ್ಷದ ಒಂದು ದೋಣಿ, ಅಲ್ಲಿಂದ ಮೇಲೆ ಪ್ರತಿ 10 ಲಕ್ಷಕ್ಕೆ 50 ಸಾವಿರ, 2 ಕೋಟಿ ದಾಟಿದ್ಮೇಲೆ ಅದು 25 ಸಾವಿರಕ್ಕೆ ಇಳಿಯುತ್ತೆ. ಹೋಲ್‌ಸೇಲ್ ಡಿಸ್ಕೌಂಟು. 2021ರ ಜನವರಿಯಲ್ಲಿ ಟ್ರಂಪ್ ಇವರಿಗೆ ಷರತ್ತುಬದ್ಧ ಕ್ಷಮಾದಾನಾನೂ ಕೊಟ್ರು.

ನನಗೆ ಇದಕ್ಕಿಂತ ವಿಚಿತ್ರ ಅನ್ಸೋದು ಫ್ಲೋರಿಡಾದ ಕೋಕೊನಟ್ ರೋಡ್ ಪ್ರಕರಣ. ಅದೇ 2005ರ ಬಿಲ್ಲಲ್ಲಿ ಎರಡೂ ಸದನ ಪಾಸ್ ಮಾಡಿದ್ದು "ಐ-75 ಹೆದ್ದಾರಿ ಅಗಲೀಕರಣಕ್ಕೆ 1 ಕೋಟಿ ಡಾಲರ್" ಅಂತ. ಅಧ್ಯಕ್ಷರ ಸಹಿಗೆ ಹೋಗೋ ಹೊತ್ತಿಗೆ ಅದು "ಕೋಕೊನಟ್ ರೋಡ್ ಇಂಟರ್‌ಚೇಂಜ್" ಆಗಿತ್ತು. ಓಟು ಮುಗಿದ ಮೇಲೆ ಬಿಲ್ಲಿನ ಅಕ್ಷರಾನೇ ಬದಲಾಗಿದೆ! ಆ ಜಾಗದ ಪಕ್ಕ ಜಮೀನಿದ್ದ ಡೆವಲಪರ್ ಒಬ್ಬರು ಡಾನ್ ಯಂಗ್ ಅವರಿಗೆ ಚುನಾವಣಾ ನಿಧಿ ಎತ್ತೋಕೆ ಸಹಾಯ ಮಾಡಿದ್ರು. ಅಲ್ಲಿನ ಸ್ಥಳೀಯ ಆಡಳಿತದವ್ರೇ "ಇದು ನಮಗೆ ಬೇಡ" ಅಂದ್ರು. 2008ರಲ್ಲಿ ಕಾಂಗ್ರೆಸ್ಸೇ ತನಿಖೆ ಮಾಡಿ ಅಂತ ನ್ಯಾಯ ಇಲಾಖೆಗೆ ಹೇಳ್ತು, ಕೊನೆಗೆ ಯಾರ ಮೇಲೂ ಕೇಸ್ ಆಗ್ಲಿಲ್ಲ.

ದುಡ್ಡು ತಂದೋರನ್ನ ಅವರ ಊರಿನ ಜನ ಬೈತಾರಾ?

ಬೈತಾರೆ, ಬೇರೆ ಊರಿನ ಸದಸ್ಯನ್ನ. ತಮ್ಮೋರಿಗೆ ಪ್ರತಿಮೆ ನಿಲ್ಲಿಸ್ತಾರೆ. ವೆಸ್ಟ್ ವರ್ಜೀನಿಯಾದ ಡೆಮಾಕ್ರಟ್ ಸೆನೆಟರ್ ರಾಬರ್ಟ್ ಬರ್ಡ್ 1959ರಿಂದ 2010ರಲ್ಲಿ ಸಾಯೋವರೆಗೂ ಸೆನೆಟ್‌ನಲ್ಲಿದ್ರು, ರಾಜ್ಯ ತುಂಬಾ ಅವರ ಹೆಸರಿನ ರಸ್ತೆ, ಕಟ್ಟಡ, ಸೇತುವೆ. ಎಫ್‌ಬಿಐನ ಬೆರಳಚ್ಚು ಕೇಂದ್ರ ವಾಷಿಂಗ್ಟನ್ ಬಿಟ್ಟು ಅವರ ರಾಜ್ಯದ ಕ್ಲಾರ್ಕ್ಸ್‌ಬರ್ಗ್‌ಗೆ ಹೋಯ್ತು. ಸಮುದ್ರಾನೇ ಇಲ್ಲದ ಆ ರಾಜ್ಯಕ್ಕೆ ಕೋಸ್ಟ್ ಗಾರ್ಡ್‌ನ ಕಂಪ್ಯೂಟರ್ ಕೇಂದ್ರ ಹೋಯ್ತು ಅಂದ್ರೆ ನಂಬ್ತೀರಾ, ನಿಜ. ಆದ್ರೆ ಒಂದು ಮಾತು, ಅದು ಕಲ್ಲಿದ್ದಲು ಗಣಿಗಳ ಬಡ ರಾಜ್ಯ, ಅಲ್ಲಿನ ಜನಕ್ಕೆ ಬರ್ಡ್ ತಂದ ಕೆಲಸಗಳು ನಿಜವಾದ ಕೆಲಸಗಳೇ, ಅವರನ್ನ ಗೇಲಿ ಮಾಡೋಕೆ ನನಗೆ ಮನಸ್ಸು ಬರಲ್ಲ.

ಪೆನ್ಸಿಲ್ವೇನಿಯಾದ ಹೌಸ್ ಸದಸ್ಯ ಜಾನ್ ಮರ್ಥಾ ಇನ್ನೊಂದು ಉದಾಹರಣೆ. ಜಾನ್ಸ್‌ಟೌನ್‌ನಲ್ಲಿ ಅವರ ಹೆಸರಲ್ಲೇ ಒಂದು ಏರ್‌ಪೋರ್ಟ್, ದಿನಕ್ಕೆ ಬೆರಳೆಣಿಕೆಯಷ್ಟು ವಿಮಾನ, ಅದಕ್ಕೆ ಹರಿದ ಫೆಡರಲ್ ದುಡ್ಡು ಸುಮಾರು 20 ಕೋಟಿ ಡಾಲರ್.

ಸುಧಾರಣೆ ಮಾಡ್ತೀವಿ ಅಂತ ಯಾರ‍್ಯಾರು ಹೇಳಿದ್ರು, ಏನಾಯ್ತು?

ಪಟ್ಟಿ ಉದ್ದ ಇದೆ, ಕೂತ್ಕೊಳ್ಳಿ.

1994ರಲ್ಲಿ ರಿಪಬ್ಲಿಕನ್ನರು ಸರ್ಕಾರದ ಖರ್ಚು ಕಡಿಮೆ ಮಾಡ್ತೀವಿ ಅಂತ 40 ವರ್ಷದ ನಂತರ ಹೌಸ್ ಗೆದ್ರು. ಸಿಟಿಜನ್ಸ್ ಅಗೇನ್‌ಸ್ಟ್ ಗವರ್ನಮೆಂಟ್ ವೇಸ್ಟ್ ಅನ್ನೋ ಸಂಸ್ಥೆ ಲೆಕ್ಕದಲ್ಲಿ 1995ರಲ್ಲಿ ಇಂಥ ಐಟಂಗಳು 1,439 ಇದ್ವು, 2005ರಲ್ಲಿ 13,997. ಖರ್ಚು ಇಳಿಸ್ತೀವಿ ಅಂದೋರ ಆಡಳಿತದಲ್ಲೇ ಹತ್ತು ವರ್ಷಕ್ಕೆ ಹತ್ತು ಪಟ್ಟು! ಕಾರಣ ಸಿಂಪಲ್ಲು, ಮುಂದಿನ ಸಲ ಸೋಲೋ ಭಯ ಇರೋ ಸದಸ್ಯನಿಗೆ ಊರಿಗೆ ತಗೊಂಡು ಹೋಗಿ ತೋರ್ಸೋಕೆ ಏನಾದ್ರೂ ಬೇಕಲ್ಲ.

2006ರಲ್ಲಿ ಕನಿಂಗ್‌ಹ್ಯಾಮ್, ಲಾಬಿಯಿಸ್ಟ್ ಜ್ಯಾಕ್ ಅಬ್ರಾಮಾಫ್ ಹಗರಣಗಳನ್ನ ಹಿಡ್ಕೊಂಡು ಡೆಮಾಕ್ರಟ್ಸ್ ಪ್ರಚಾರ ಮಾಡಿ ಗೆದ್ರು. ನ್ಯಾನ್ಸಿ ಪೆಲೋಸಿ ಸ್ಪೀಕರ್ ಆದ್ಮೇಲೆ 2007ರ ಜನವರಿಯಲ್ಲಿ ಹೊಸ ನಿಯಮ ಬಂತು: ಇಯರ್‌ಮಾರ್ಕ್ ಕೇಳಿದ ಸದಸ್ಯರ ಹೆಸರು ಹಾಕ್ಲೇಬೇಕು, ನನಗೂ ನನ್ನ ಗಂಡ/ಹೆಂಡತಿಗೂ ಇದರಲ್ಲಿ ಲಾಭ ಇಲ್ಲ ಅಂತ ಬರೆದು ಕೊಡ್ಬೇಕು. ಇದು ಒಳ್ಳೇ ಕೆಲಸ, ನನ್ನ ಪ್ರಕಾರ ಈ ಇಡೀ ಕಥೆಯಲ್ಲಿ ನಿಜವಾಗಿ ಏನಾದ್ರೂ ಬದಲಾಯಿಸಿದ್ದು ಇದೊಂದೇ. ಆದ್ರೆ ಹೆಸರು ಬಂದ ತಕ್ಷಣ ನಾಚಿಕೆ ಪಟ್ಕೊಂಡು ನಿಲ್ಲಿಸ್ತಾರೆ ಅಂದ್ಕೊಂಡಿದ್ರಲ್ಲ, ಅದಾಗ್ಲಿಲ್ಲ. ಹೆಸರು ಬಂದಿದ್ದನ್ನೇ ಕಟ್ ಮಾಡಿ ಪ್ರೆಸ್ ನೋಟ್ ಕಳಿಸೋಕೆ ಶುರು ಮಾಡಿದ್ರು.

2008ರ ಅಧ್ಯಕ್ಷೀಯ ಚುನಾವಣೆಯಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಜಾನ್ ಮೆಕೇನ್ "ಯಾರು ಇಯರ್‌ಮಾರ್ಕ್ ಹಾಕ್ತಾರೋ ಅವರನ್ನ ಫೇಮಸ್ ಮಾಡ್ತೀನಿ" ಅಂತ ಹೇಳ್ತಿದ್ರು, ಸೋತ್ರು. ಒಬಾಮಾ 1994ರ ಮಟ್ಟಕ್ಕಿಂತ ಕೆಳಗೆ ಇಳಿಸ್ತೀನಿ ಅಂದಿದ್ರು, ಗೆದ್ರು. ಅಧಿಕಾರಕ್ಕೆ ಬಂದು ಎರಡು ತಿಂಗಳೂ ಆಗಿರ್ಲಿಲ್ಲ, 2009ರ ಮಾರ್ಚ್‌ನಲ್ಲಿ 41,000 ಕೋಟಿ ಡಾಲರ್ ಬಿಲ್ ಮೇಜಿಗೆ ಬಂತು, ಒಳಗೆ 8,000ಕ್ಕೂ ಹೆಚ್ಚು ಇಯರ್‌ಮಾರ್ಕ್. ಇದು ಹಿಂದಿನ ವರ್ಷದ ಬಾಕಿ ಅಂತ ಅವರ ಕಡೆಯೋರು ಅಂದ್ರು, ಬಿಲ್ ಪರಿಪೂರ್ಣ ಅಲ್ಲ ಅಂತ ಅವರು ಒಪ್ಕೊಂಡ್ರು, ಇನ್ಮುಂದೆ ಕಟ್ಟುನಿಟ್ಟು ಅಂದ್ರು, ಸಹಿ ಹಾಕಿದ್ರು.

2010ರಲ್ಲಿ ಟೀ ಪಾರ್ಟಿ (ಸರ್ಕಾರದ ಖರ್ಚು ಕಡಿಮೆ ಮಾಡಿ ಅನ್ನೋ ಚಳವಳಿ) ಅಲೆ ಎದ್ದಾಗ ಅದುವರೆಗೂ ಇಯರ್‌ಮಾರ್ಕ್ ಪರ ವಾದಿಸ್ತಿದ್ದ ಸೆನೆಟ್ ರಿಪಬ್ಲಿಕನ್ ನಾಯಕ ಮಿಚ್ ಮೆಕಾನೆಲ್ ಕೂಡ ನವೆಂಬರ್‌ನಲ್ಲಿ ಪ್ಲೇಟ್ ತಿರುಗಿಸಿದ್ರು. 2011ರ ಜನವರಿ ಭಾಷಣದಲ್ಲಿ ಒಬಾಮಾ, ಇಯರ್‌ಮಾರ್ಕ್ ಇರೋ ಬಿಲ್ ಬಂದ್ರೆ ವೀಟೋ ಅಂದ್ರು. ಅಲ್ಲಿಗೆ ಬ್ಯಾನ್ ಆಯ್ತು. ಕಾನೂನು ಅಲ್ಲ, ಸದನಗಳು ತಾವೇ ಹಾಕ್ಕೊಂಡ ಕಟ್ಟುಪಾಡು. ಅದನ್ನ ಬಿಚ್ಚೋಕೆ ಯಾರ ಪರ್ಮಿಷನ್ನೂ ಬೇಕಿರ್ಲಿಲ್ಲ ಅನ್ನೋದು ಹತ್ತು ವರ್ಷ ಆದ್ಮೇಲೆ ಗೊತ್ತಾಯ್ತು.

ಸರಿ, 2011ರಿಂದ 2021ರವರೆಗೆ ನಿಜವಾಗ್ಲೂ ನಿಂತಿತ್ತಾ?

ಬಿಲ್ಲಲ್ಲಿ ಲೈನ್ ಹಾಕೋದು ನಿಂತಿತ್ತು. ಒತ್ತಡ ಹಾಕೋದು ನಿಲ್ಲೋದುಂಟಾ? ಇಲಾಖೆಗಳಿಗೆ ಪತ್ರ ಬರೆಯೋದು, ಫೋನ್ ಮಾಡೋದು ಜಾಸ್ತಿ ಆಯ್ತು. ಈ ದಾರಿ ಬ್ಯಾನ್‌ಗೂ ಮೊದ್ಲೇ ಇತ್ತು: ಸರ್ಕಾರಿ ಖರ್ಚಿನ ಕಡು ವಿರೋಧಿ, ರಿಪಬ್ಲಿಕನ್ ಪ್ರತಿನಿಧಿ ಪಾಲ್ ರಯಾನ್ 2009ರ ಆರ್ಥಿಕ ಪ್ಯಾಕೇಜ್ ವಿರುದ್ಧ ಓಟು ಹಾಕಿ, ಅದೇ ಪ್ಯಾಕೇಜ್‌ನಿಂದ ತಮ್ಮ ರಾಜ್ಯಕ್ಕೆ ದುಡ್ಡು ಕೊಡಿ ಅಂತ ಇಂಧನ ಇಲಾಖೆಗೆ ಪತ್ರ ಬರೆದಿದ್ರು, 2012ರಲ್ಲಿ ಮೊದ್ಲು ಇಲ್ಲ ಅಂದು ಆಮೇಲೆ ಒಪ್ಕೊಂಡ್ರು. ಇಂಥ ಪತ್ರಗಳಲ್ಲಿ ಹೆಸರು ಎಲ್ಲೂ ಪಬ್ಲಿಷ್ ಆಗಲ್ಲ, ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ತೆಗೀಬೇಕು.

ಇನ್ನೊಂದು ದಾರಿ "ಇಂಥದ್ದನ್ನ ಮುಗಿಸ್ಲೇಬೇಕು" ಅಂತ ಕಾನೂನಲ್ಲಿ ಬರೆಯೋದು. ಮಿಸಿಸಿಪಿಯಲ್ಲಿ ನಾಸಾದ ಸ್ಟೆನಿಸ್ ಕೇಂದ್ರ ಇದೆ, ಅಲ್ಲಿ ಎ-3 ಅಂತ ರಾಕೆಟ್ ಎಂಜಿನ್ ಟೆಸ್ಟ್ ಮಾಡೋ ಸುಮಾರು 300 ಅಡಿ ಎತ್ತರದ ಟವರ್ ಕಟ್ತಾ ಇದ್ರು. 2010ರಲ್ಲಿ ಅದಕ್ಕೆ ಸಂಬಂಧಪಟ್ಟ, ಮತ್ತೆ ಚಂದ್ರನಿಗೆ ಹೋಗೋ ಕಾನ್‌ಸ್ಟಲೇಷನ್ ಯೋಜನೇನೇ ರದ್ದಾಯ್ತು, ಟೆಸ್ಟ್ ಮಾಡ್ಬೇಕಾದ ಎಂಜಿನ್ನೇ ಬೇಕಿಲ್ಲ. ಆ ರಾಜ್ಯದ ಸೆನೆಟರ್ ರೋಜರ್ ವಿಕರ್ ಟವರ್ ಮುಗಿಸ್ಲೇಬೇಕು ಅಂತ ಬಿಲ್ಲಿಗೆ ಸೇರಿಸಿದ್ರು. ನಾಸಾದವ್ರು ಬೇರೆ ದಾರಿ ಇಲ್ಲದೆ ಕಟ್ಟಿದ್ರು, ಬಣ್ಣ ಬಳಿದ್ರು, 2014ರಲ್ಲಿ ಮುಗೀತು, 34.9 ಕೋಟಿ ಡಾಲರ್. ಮುಗಿದ ಕೂಡ್ಲೇ ಬೀಗ. ಖಾಲಿ ನಿಂತಿದ್ದನ್ನ ನೋಡ್ಕೊಳ್ಳೋಕೆ ಆಗ ವರ್ಷಕ್ಕೆ ಸುಮಾರು 7 ಲಕ್ಷ ಡಾಲರ್ ಬೇಕಿತ್ತು. ಲೆಕ್ಕದ ಪ್ರಕಾರ ಇದು ಇಯರ್‌ಮಾರ್ಕೇ ಅಲ್ಲ, ಬ್ಯಾನ್ ಮುರಿದ ಹಾಗೂ ಅಲ್ಲ!

ಸೇನೆಯೋರು 2012ರ ಹೊತ್ತಿಗೆ "ಅಬ್ರಾಮ್ಸ್ ಟ್ಯಾಂಕ್ ಸದ್ಯಕ್ಕೆ ಸಾಕು ಸ್ವಾಮಿ" ಅಂತ ಹೇಳಿದ್ರೂ ಓಹಾಯೋದ ಲೀಮಾದಲ್ಲಿರೋ ಟ್ಯಾಂಕ್ ಕಾರ್ಖಾನೆ ನಿಲ್ಲಬಾರದು ಅಂತ ಎರಡೂ ಪಕ್ಷದೋರು ಸೇರಿ ದುಡ್ಡು ಹಾಕಿದ್ರು. 2013ರಲ್ಲಿ ಖರ್ಚಿನ ಬಿಲ್ ಪಾಸಾಗದೆ ಸರ್ಕಾರ ಬಂದ್ ಆಗಿದ್ದನ್ನ ತೆರೆಯೋ ತುರ್ತು ಬಿಲ್ಲಲ್ಲಿ ಕೂಡ ಓಹಾಯೋ ನದಿಯ ಓಲ್ಮ್‌ಸ್ಟೆಡ್ ಅಣೆಕಟ್ಟಿನ ಖರ್ಚಿನ ಮಿತಿ ಏರಿಸೋ ಲೈನ್ ಬಂದು ಕೂತಿತ್ತು. ಅದು ಬೇಕಾದ ಕೆಲಸ ಅಂತ ಸಮರ್ಥಿಸಿಕೊಂಡೋರೂ ಇದ್ದಾರೆ, ಆದ್ರೆ 1988ರಲ್ಲಿ 77.5 ಕೋಟಿ ಡಾಲರ್ ಅಂದಿದ್ದು ಕೊನೆಗೆ ಹತ್ತಿರ ಹತ್ತಿರ 300 ಕೋಟಿಗೆ ನಿಂತಿದ್ದು.

ಅಧ್ಯಕ್ಷರು ಬೇಡದ ಲೈನ್‌ಗೆ ಮಾತ್ರ ಗೆರೆ ಎಳೀಬಹುದಲ್ಲ?

ಎಳೀತಿದ್ರು, ಸ್ವಲ್ಪ ದಿನ. 1996ರಲ್ಲಿ ಆ ಅಧಿಕಾರ ಕೊಡೋ ಕಾನೂನು ಬಂತು, ಕ್ಲಿಂಟನ್ ಅದನ್ನ ಬಳಸಿ 82 ಐಟಂ ತೆಗೆದ್ರು. 1998ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ 6-3ರಲ್ಲಿ ಆ ಕಾನೂನನ್ನೇ ಹೊಡೆದು ಹಾಕ್ತು. ಪಾಸಾದ ಬಿಲ್ಲನ್ನ ಪೂರ್ತಿ ಒಪ್ಪಿ ಅಥವಾ ಪೂರ್ತಿ ತಿರಸ್ಕರಿಸಿ, ಮಧ್ಯದಲ್ಲಿ ಹರಿಯೋಕೆ ಸಂವಿಧಾನ ಬಿಡಲ್ಲ ಅಂತ. ಸರ್ಕಾರ ನಡೆಸೋ ದುಡ್ಡೂ ಈ ದುಡ್ಡೂ ಒಂದೇ ಬಿಲ್ಲಲ್ಲಿ ಕಟ್ಟಿ ಕಳಿಸಿದ್ರೆ ಯಾವ ಅಧ್ಯಕ್ಷ ಪೂರ್ತಿ ವಾಪಸ್ ಕಳಿಸ್ತಾನೆ ಹೇಳಿ.

ಒಟ್ಟು ಬಜೆಟ್‌ನಲ್ಲಿ ಇದೆಷ್ಟು?

ಶೇಕಡಾ 1ಕ್ಕಿಂತ ಕಮ್ಮಿ. ಇದನ್ನ ನಿಲ್ಲಿಸಿದ್ರೆ ಅಮೆರಿಕದ ಸಾಲ ತೀರುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ. ಎಷ್ಟೋ ಸಲ ಇಯರ್‌ಮಾರ್ಕ್ ತೆಗೆದ್ರೆ ಒಟ್ಟು ಮೊತ್ತ ಇಳಿಯೋದೂ ಇಲ್ಲ, ಆ ದುಡ್ಡು ಎಲ್ಲಿಗೆ ಅಂತ ಇಲಾಖೆ ತೀರ್ಮಾನ ಮಾಡುತ್ತೆ ಅಷ್ಟೇ.

2021ರಲ್ಲಿ ವಾಪಸ್ ತಂದ್ರಲ್ಲ, ಈಗ ನಿಯಮ ಏನು?

ಹೆಸರು ಬದಲಾಯಿಸಿ ತಂದ್ರು. ಹೌಸ್‌ನಲ್ಲಿ "ಸಮುದಾಯ ಯೋಜನಾ ನಿಧಿ", ಸೆನೆಟ್‌ನಲ್ಲಿ "ಕಾಂಗ್ರೆಸ್ ನಿರ್ದೇಶಿತ ವೆಚ್ಚ". ಡೆಮಾಕ್ರಟ್ಸ್ ಕಡೆಯಿಂದ ಹೌಸ್ ಅಪ್ರೋಪ್ರಿಯೇಷನ್ಸ್ ಕಮಿಟಿಯ ಆಗಿನ ಅಧ್ಯಕ್ಷೆ ರೋಸಾ ಡಿಲೋರೋ ಘೋಷಿಸಿದ್ರು, ಮುಂದಿನ ತಿಂಗಳೇ ಹೌಸ್ ರಿಪಬ್ಲಿಕನ್ನರು ಗುಪ್ತ ಮತದಾನದಲ್ಲಿ 102-84ರಲ್ಲಿ ತಾವೂ ಸೈ ಅಂದ್ರು. ಗುಪ್ತ ಮತದಾನ ಅನ್ನೋದನ್ನ ಗಮನಿಸಿ.

ನಿಯಮಗಳು ಹಳೇ ಕಾಲಕ್ಕಿಂತ ವಾಸಿ. ಲಾಭದ ಕಂಪನಿಗಳಿಗೆ ಕೊಡೋ ಹಾಗಿಲ್ಲ (ಕನಿಂಗ್‌ಹ್ಯಾಮ್ ತರದ ವ್ಯವಹಾರಕ್ಕೆ ಇದೇ ದೊಡ್ಡ ಪೆಟ್ಟು), ಒಟ್ಟು ಮೊತ್ತ ವಾರ್ಷಿಕ ಮಂಜೂರಾತಿ ಖರ್ಚಿನ ಶೇಕಡಾ 1 ದಾಟಬಾರದು ಅಂತ 2021ರಲ್ಲಿ ಮಿತಿ ಹಾಕಿದ್ರು, ಕೇಳಿದ್ದನ್ನೆಲ್ಲ ಆನ್‌ಲೈನ್ ಹಾಕ್ಬೇಕು, ಕುಟುಂಬಕ್ಕೆ ಲಾಭ ಇಲ್ಲ ಅಂತ ಸಹಿ ಮಾಡ್ಬೇಕು, ಆಡಿಟ್ ಸಂಸ್ಥೆ ಜಿಎಒ ಆಯ್ದು ಪರಿಶೀಲನೆ ಮಾಡುತ್ತೆ. ಹೌಸ್‌ನಲ್ಲಿ ಒಬ್ಬರಿಗೆ 10 ಕೋರಿಕೆ ಅಂತ ಮಿತಿ ಇಟ್ಟಿದ್ರು, ಮುಂದಿನ ವರ್ಷಕ್ಕೇ ಅದನ್ನ 15 ಮಾಡ್ಕೊಂಡ್ರು, ಚಾಳಿ ಎಲ್ಲಿ ಹೋಗುತ್ತೆ.

2022ರ ಬಜೆಟ್ ವರ್ಷದಲ್ಲಿ 4,963 ಯೋಜನೆ, 910 ಕೋಟಿ ಡಾಲರ್. ಮರುವರ್ಷ 7,200ಕ್ಕೂ ಹೆಚ್ಚು ಯೋಜನೆ, 1,530 ಕೋಟಿ. ಎರಡೂ ವರ್ಷ ಪಟ್ಟಿಯ ತುದೀಲಿ ಇದ್ದಿದ್ದು ಅಲಬಾಮಾದ ರಿಪಬ್ಲಿಕನ್ ಸೆನೆಟರ್ ರಿಚರ್ಡ್ ಶೆಲ್ಬಿ, ನಿವೃತ್ತಿಗೆ ಮೊದ್ಲು ವರ್ಷಕ್ಕೆ 50 ಕೋಟಿ ಡಾಲರ್‌ಗೂ ಹೆಚ್ಚು ತಮ್ಮ ರಾಜ್ಯಕ್ಕೆ ಬರೆಸಿಕೊಂಡ್ರು. ಇಯರ್‌ಮಾರ್ಕ್ ಬೇಡ ಅನ್ನೋ ಸೆನೆಟ್ ರಿಪಬ್ಲಿಕನ್ನರ ಪಕ್ಷದ ನಿಯಮ ಆಗ್ಲೂ ಪುಸ್ತಕದಲ್ಲಿತ್ತು, ಅದು ಯಾರಿಗೂ ಅಡ್ಡ ಬರ್ಲಿಲ್ಲ.

ಇದರಿಂದ ಏನೂ ಒಳ್ಳೇದಿಲ್ವಾ?

ಇದೆ ಅನ್ನೋರ ವಾದ ಹೀಗಿದೆ. ದುಡ್ಡಿನ ಅಧಿಕಾರ ಸಂವಿಧಾನ ಕೊಟ್ಟಿರೋದು ಕಾಂಗ್ರೆಸ್‌ಗೆ, ಆರಿಸಿ ಬಂದೋನಿಗೆ ತನ್ನ ಊರಿನ ಯಾವ ನೀರಿನ ಪೈಪು ಒಡೆದಿದೆ ಅಂತ ವಾಷಿಂಗ್ಟನ್ ಅಧಿಕಾರಿಗಿಂತ ಚೆನ್ನಾಗಿ ಗೊತ್ತಿರುತ್ತೆ, ಜೊತೆಗೆ ಕಷ್ಟದ ಬಿಲ್‌ಗೆ ಓಟು ಹಾಕ್ಸೋಕೆ ನಾಯಕರ ಕೈಯಲ್ಲಿ ಏನಾದ್ರೂ ಇರ್ಬೇಕು. ಕೊನೇ ಮಾತನ್ನ ನಾನು ಅಷ್ಟು ಸುಲಭಕ್ಕೆ ಒಪ್ಪಲ್ಲ, ಓಟಿಗೆ ಬೆಲೆ ಕಟ್ಟೋದೇ ಅದು. ಮೊದಲೆರಡರಲ್ಲಿ ಹುರುಳಿದೆ. ಅಗ್ನಿಶಾಮಕ ಠಾಣೆ, ಕುಡಿಯೋ ನೀರಿನ ಘಟಕ, ಇಂಥವು ಈಗಿನ ಪಟ್ಟಿಯಲ್ಲಿ ಬೇಕಾದಷ್ಟಿವೆ. ನನ್ನ ಕೇಳಿದ್ರೆ, ಗುಟ್ಟಾಗಿ ಬರೋ ಫೋನ್ ಕರೆಗಿಂತ ಹೆಸರು ಬರೆದು ಕೇಳೋ ಕಾಗದ ಮೇಲು, ಬ್ಯಾನ್ ಅನ್ನೋದು ಖರ್ಚನ್ನ ಮುಚ್ಚಿಟ್ಟಿತೇ ಹೊರತು ನಿಲ್ಲಿಸ್ಲಿಲ್ಲ. ಮ್ಯೂಸಿಯಂಗೂ ಪಾರ್ಕಿಗೂ ಇಡೀ ದೇಶದ ತೆರಿಗೆ ಯಾಕೆ ಅನ್ನೋ ಪ್ರಶ್ನೆ ಮಾತ್ರ ಹಾಗೇ ಇದೆ.

ಯಾರು ಏನು ಕೇಳಿದ್ದಾರೆ ಅಂತ ಸಾಮಾನ್ಯ ಜನ ನೋಡೋದು ಹೇಗೆ?

ಪ್ರತಿ ಸದಸ್ಯರ ಅಧಿಕೃತ ವೆಬ್‌ಸೈಟಲ್ಲಿ ಆಯಾ ಬಜೆಟ್ ವರ್ಷದ ಕೋರಿಕೆ ಪಟ್ಟಿ ಇರುತ್ತೆ: ಯಾರಿಗೆ, ವಿಳಾಸ, ಎಷ್ಟು ಡಾಲರ್, ಯಾಕೆ. ಎರಡೂ ಸದನದ ಅಪ್ರೋಪ್ರಿಯೇಷನ್ಸ್ ಕಮಿಟಿ ಸೈಟಲ್ಲೂ ಒಟ್ಟಾಗಿ ಸಿಗುತ್ತೆ. ಎರಡು ವಿಷಯ ಹೋಲಿಸಿ ನೋಡಿ, ಕೇಳಿದ್ದೆಷ್ಟು ಕೊನೆಗೆ ಸಿಕ್ಕಿದ್ದೆಷ್ಟು, ಮತ್ತೆ ಆ ಸದಸ್ಯರು ಕೊನೆಗೆ ಬಿಲ್ ಪರ ಓಟು ಹಾಕಿದ್ರಾ ಇಲ್ವಾ. ತನ್ನ ಯೋಜನೆ ಒಳಗೆ ಹಾಕಿಸಿ, ಬಿಲ್ ವಿರುದ್ಧ ಓಟು ಹಾಕಿ, ಊರಲ್ಲಿ ಟೇಪ್ ಕತ್ತರಿಸೋಕೆ ಮಾತ್ರ ಮೊದಲ ಸಾಲಲ್ಲಿ ನಿಲ್ಲೋರು ಎಷ್ಟು ಜನ ಅಂತ ನೀವೇ ಎಣಿಸ್ಕೊಬಹುದು.

ಮತ್ತೆ ಬ್ಯಾನ್ ಆಗುತ್ತಾ?

2022ರ ನವೆಂಬರ್‌ನಲ್ಲಿ ಹೌಸ್ ರಿಪಬ್ಲಿಕನ್ನರ ಒಳಗೇ ಬ್ಯಾನ್ ಪ್ರಸ್ತಾಪ ಬಂತು, 158-52ರಲ್ಲಿ ಬಿದ್ದು ಹೋಯ್ತು. 2025ರ ಮಾರ್ಚ್‌ನಲ್ಲಿ ಇಡೀ ವರ್ಷಕ್ಕೆ ಹಳೇ ಬಜೆಟ್ಟನ್ನೇ ಮುಂದುವರಿಸೋ ಬಿಲ್ ಪಾಸಾದಾಗ ಆ ವರ್ಷ ಕೇಳಿದ್ದ ಅಷ್ಟೂ ಇಯರ್‌ಮಾರ್ಕ್ ಬಿದ್ದು ಹೋದ್ವು. ಸುಧಾರಣೆ ಮಾಡ್ಬೇಕು ಅಂತ ಯಾರೂ ಮಾಡಿದ್ದಲ್ಲ, ಬಜೆಟ್ ಬಗ್ಗೆ ಎರಡು ಪಕ್ಷಗಳ ಜಗಳ ಬಗೆಹರೀಲಿಲ್ಲ, ಅದಕ್ಕೆ. ಮುಂದಿನ ವರ್ಷದ ಅರ್ಜಿಗಳಿಗೆ ಕಮಿಟಿಗಳು ಆಗ್ಲೇ ದಿನಾಂಕ ಕೊಡೋಕೆ ಶುರು ಮಾಡಿದ್ವು.